ಹೊಳೆಯ ಹಾಡಿಗೆ ಕೀಗೊಂಚಲಿನ ತಾಳ

ನನಗೆ ಸಂಗೀತ ಬರುವುದಿಲ್ಲ, ಹೆದರಿಕೆ ಬರುತ್ತದೆ. ಅದನ್ನು ನನಗೆ ಯಾರೂ ಕಲಿಸಲಿಲ್ಲ, ಪೂರ್ತಿ ಸ್ವಂತ ಪ್ರತಿಭೆ. ಬಸ್ಸು ಸೇತುವೆಯ ಮೇಲೆ ನಿಧಾನವಾದರೆ ಕಿಟಕಿಯ ಸರಳು ಹಿಡಿದುಕೊಳ್ಳುತ್ತೇನೆ. ಗ್ಯಾಸ್ ಆರಿಸಿ ಹೊರಟವನು ಬೀದಿಯ ತುದಿಯಿಂದ ವಾಪಸ್ ಬಂದು ಒಲೆ ಮುಟ್ಟಿ ನೋಡುತ್ತೇನೆ. ಇಂಥ ಮನುಷ್ಯ ಒಂದು ಕಾಲಕ್ಕೆ ರಾಕ್ ಬ್ಯಾಂಡಿನಲ್ಲಿದ್ದ, ಅವನ ವಾದ್ಯವನ್ನೇ ಜನ ಹೆಚ್ಚು ಮೆಚ್ಚಿದರು ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ ಎಂದು ನಾನೇ ಹೇಳುತ್ತಿದ್ದೆ, ಆದರೆ ಕ್ಯಾಸೆಟ್ ಇದೆ.

ತೊಂಬತ್ತರ ದಶಕದ ಕೊನೆ. ಬಿ.ಕಾಂ. ಮುಗಿಸಿ ನಂಜನಗೂಡಿನಲ್ಲಿ ಸುಮ್ಮನೆ ಕೂತಿದ್ದ ಮೂವರು ಸೇರಿ ಬ್ಯಾಂಡ್ ಕಟ್ಟಿದ್ದೆವು. ಮಾದೇಶ ಹಾಡುತ್ತಿದ್ದ, ಗಿಟಾರ್ ಬಾರಿಸುತ್ತಿದ್ದ. ಶಿವು ಡ್ರಮ್ಮು. ನನ್ನ ಬಳಿ ಟೇಪ್ ರೆಕಾರ್ಡರ್ ಇತ್ತು, ಆದ್ದರಿಂದ ನಾನೂ ಕಲಾವಿದನಾದೆ. ಅಭ್ಯಾಸ ಮಾಡುತ್ತಿದ್ದ ಅಕ್ಕಿ ಗಿರಣಿಯ ಯಜಮಾನರು ಒಂದು ದಿನ, "ಮಿಷನ್ ಸದ್ದಾದ್ರೂ ತಡ್ಕೋಬೋದು ಕಣ್ರಪ್ಪಾ, ಅದ್ರಿಂದ ಅಕ್ಕಿನಾದ್ರೂ ಬತ್ತದೆ" ಎಂದು ಹೊರಗೆ ಹಾಕಿದರು. ಡ್ರಮ್ಮುಗಳನ್ನು ಮದುವೆ ಬ್ಯಾಂಡ್‌ಸೆಟ್‌ನವರು ವಾಪಸ್ ಒಯ್ದರು. ಉಳಿದದ್ದು ಮರದ ಗಿಟಾರು, ಶಿವುವಿಗೆ ಬಡಿಯಲು ಮುಚ್ಚಳವಿದ್ದ ಒಂದು ದೊಡ್ಡ ಪ್ಲಾಸ್ಟಿಕ್ ಕ್ಯಾನು. ಮಾದೇಶ ಗಂಭೀರವಾಗಿ ಹೇಳಿದ: "ನಾವಿನ್ನು ಅಕೂಸ್ಟಿಕ್ ಮಾಡ್ತೀವಿ." ಕರೆಂಟಿಲ್ಲದ್ದಕ್ಕೆ ಇಷ್ಟು ಗೌರವದ ಹೆಸರಿದೆ ಎಂದು ನನಗೆ ಅಂದೇ ತಿಳಿದದ್ದು.

ಹಾಡನ್ನು ಅವನೇ ಬರೆದಿದ್ದ. ಪಲ್ಲವಿ, "ಹೊಳೆಯೇ, ನನ್ನನ್ನೂ ಕರೆದುಕೊಂಡು ಹೋಗು." ಹಿನ್ನೆಲೆಗೆ ನಿಜವಾದ ನೀರಿನ ಸದ್ದು ಬೇಕೆಂದು ಹಟ ಹಿಡಿದ. ಊರಿಂದ ಸ್ವಲ್ಪ ಆಚೆ, ಕಪಿಲಾ ಪಾತ್ರದ ನಡುವೆ ಬಂಡೆಯ ಮೇಲೆ ಒಂದು ಪುಟ್ಟ ಕಲ್ಲುಮಂಟಪವಿತ್ತು. ಜುಲೈ ತಿಂಗಳ ಮಧ್ಯಾಹ್ನ, ಚೆನ್ನಾಗಿ ಬಿಸಿಲು, ಪಾದ ಮುಳುಗುವಷ್ಟು ನೀರು. ನಾನು ಪ್ಯಾಂಟು ಮಡಿಸಿದೆ. ಮೊಪೆಡ್ಡಿನ ಕೀಗೊಂಚಲು ಜೇಬಿನಿಂದ ಹೊಳೆಗೆ ಬಿದ್ದರೆ ಗತಿಯೇನೆಂದು ಅದನ್ನು ಕಿರುಬೆರಳಿಗೆ ಸಿಕ್ಕಿಸಿಕೊಂಡೆ. ಕಳೆದುಹೋದರೆ ಸದ್ದಿಗೆ ಸಿಗಲೆಂದು ಅಮ್ಮ ಅದಕ್ಕೆ ಒಂದಷ್ಟು ಗೆಜ್ಜೆ ಕಟ್ಟಿದ್ದಳು. ಹೆದರಿಕೆ ನಮ್ಮ ಮನೆತನದ್ದು.

ಒಂದೇ ಖಾಲಿ ಕ್ಯಾಸೆಟ್ಟು. ಮೊದಲ ಸಲ ಮೈಸೂರಿನ ರೈಲು ಕೂಗಿ ಹಾಡು ಕೆಟ್ಟಿತು. ಎರಡನೇ ಸಲ ನಾನು ಕೆಮ್ಮಿದೆ. ಮಾದೇಶ ಕಣ್ಣು ಕೆಂಪಗೆ ಮಾಡಿ, "ಇನ್ನೊಂದ್ಸಲ ಬಾಯ್ ಬುಟ್ಟೆ ಅಂದ್ರೆ ಒಳೆಗ್ ತಳ್ಬುಡ್ತೀನಿ ಕಣ್ಲಾ" ಎಂದ. ಮೂರನೇ ಸಲ ಶುರುಮಾಡುವಷ್ಟರಲ್ಲಿ ದಡದ ರಸ್ತೆಯಲ್ಲಿ ಆಟೋ ಒಂದು ಮೈಕು ಹಾಕಿಕೊಂಡು ಬಂತು. ಮಾದೇಶ ಕೈಯೆತ್ತಿ ಎಲ್ಲರನ್ನೂ ನಿಲ್ಲಿಸಿದ. "ತಾಳ್ರಲಾ, ಅವ್ನು ಓಗ್ಲಿ. ರೆಕಾರ್ಡಿಂಗ್ ಟೈಮಲ್ಲೇ ಬತ್ತವೆ." ಮೂವರೂ ತಾಳ್ಮೆಯಿಂದ ಕಾದೆವು. ಮೈಕು ಹೇಳುತ್ತಿದ್ದದ್ದು ಇಷ್ಟು: ಅಣೆಕಟ್ಟೆಯಿಂದ ನೀರು ಬಿಟ್ಟಿದ್ದಾರೆ, ಹೊಳೆಯಲ್ಲಿರುವವರು ಕೂಡಲೇ ದಡ ಸೇರಬೇಕು. ಒಂದಕ್ಷರ ಬಿಡದೆ ಕೇಳಿಸಿಕೊಂಡೆವು. ಪದವೀಧರರು ನಾವು, ಅರ್ಥವಾಗದ್ದು ಯಾವುದೂ ಇರಲಿಲ್ಲ. ಆದರೆ ಆ ಹೊತ್ತಿಗೆ ನಮಗೆ ಲೋಕದಲ್ಲಿದ್ದದ್ದು ಎರಡೇ, ಹಾಡು ಮತ್ತು ಹಾಡಿಗೆ ಅಡ್ಡ ಬರುವ ಸದ್ದು. ಸದ್ದು ದೂರವಾಯಿತು. ನೆಮ್ಮದಿಯಿಂದ ಹಾಡು ಶುರುಮಾಡಿದೆವು.

ಅವರಿಬ್ಬರೂ ಊರಿನ ಕಡೆ ಮುಖ ಮಾಡಿ ಕೂತಿದ್ದರು. ಹೊಳೆ ಬರುವ ಕಡೆ ನೋಡುತ್ತಿದ್ದವನು ಟೇಪ್ ರೆಕಾರ್ಡರಿನ ಮೈಕನ್ನು ಅವರ ಮುಂದೆ ಹಿಡಿದ ನಾನೊಬ್ಬನೇ. ಎರಡನೇ ಚರಣಕ್ಕೆ ನೀರಿನ ಬಣ್ಣ ಚಹದಂತಾಯಿತು. ಆಮೇಲೆ ಮಂಟಪದ ಕೆಳಗಿನ ಮೆಟ್ಟಿಲು ಕಾಣಲಿಲ್ಲ. ನಾನು ನೋಡುತ್ತಿದ್ದಂತೆಯೇ ಅದರ ಮೇಲಿನದ್ದೂ ಹೋಯಿತು. ವಯನಾಡಿನಲ್ಲಿ ಸುರಿದ ಮಳೆ ನಮ್ಮೂರಿನ ಬಿಸಿಲಲ್ಲಿ ಮೆಟ್ಟಿಲು ಹತ್ತುತ್ತಿತ್ತು. ಬಾಯಿ ಬಿಟ್ಟರೆ ಮಾದೇಶ ಹೊಳೆಗೆ ತಳ್ಳುತ್ತಾನೆ, ಬಿಡದಿದ್ದರೆ ಹೊಳೆಯೇ ಬಂದು ಒಯ್ಯುತ್ತದೆ. ಖಾಲಿಯಿದ್ದ ಕೈಯನ್ನು ಮೇಲೆ, ಮೇಲೆ ಎಂದು ಎತ್ತಿ ತೋರಿಸಿದೆ. ಮಾದೇಶ ತಲೆಯಾಡಿಸಿ ಶ್ರುತಿ ಏರಿಸಿದ. ಇನ್ನೂ ಎತ್ತಿದೆ. ಕಣ್ಣು ಮುಚ್ಚಿಕೊಂಡು ಇನ್ನೂ ಏರಿಸಿದ. ಅವನು ಜನ್ಮದಲ್ಲಿ ಅಷ್ಟು ಚೆನ್ನಾಗಿ ಹಾಡಿದ್ದು ಅದೊಂದೇ ಸಲ. ಹೊಳೆಯನ್ನು ಕರೆಯುತ್ತಲೇ ಇದ್ದ, ಹೊಳೆ ಬರುತ್ತಲೇ ಇತ್ತು.

ಹಾಡು ಮುಗಿಯುವುದಕ್ಕೂ ಶಿವುವಿನ ಕಾಲು ನೆನೆಯುವುದಕ್ಕೂ ಸರಿಹೋಯಿತು. ಆಮೇಲೆ ಯಾರೂ ಕಲಾವಿದರಾಗಿ ಉಳಿಯಲಿಲ್ಲ. ಗಿಟಾರಿನ ಪಟ್ಟಿಯನ್ನು ಕ್ಯಾನಿಗೆ ಬಿಗಿದು ಮೂವರೂ ಅದಕ್ಕೆ ಜೋತುಬಿದ್ದೆವು. ಎದೆಮಟ್ಟದ ನೀರು ಕಾಲು ಕೀಳುತ್ತಿತ್ತು. ಗಿಟಾರು ಕೈಬಿಟ್ಟು ಹೋಯಿತು. ಟೇಪ್ ರೆಕಾರ್ಡರ್ ನನ್ನ ತಲೆಯ ಮೇಲಿತ್ತು, ಆರಿಸಲು ನೆನಪಾಗಿರಲಿಲ್ಲ. ಶಿವು ದಾರಿಯುದ್ದಕ್ಕೂ "ಅವ್ವಾ, ಅವ್ವಾ" ಎನ್ನುತ್ತಿದ್ದ. ನಿಜವಾದ ಡ್ರಮ್ಮುಗಳಿದ್ದಿದ್ದರೆ ಮುಳುಗುತ್ತಿದ್ದೆವು. ಅಕೂಸ್ಟಿಕ್ ಆದ್ದರಿಂದ ತೇಲಿದೆವು. ದಡದಲ್ಲಿ ಆಟೋದವನು ನಿಂತಿದ್ದ. "ಅಷ್ಟೊತ್ತಿಂದ ಬಡ್ಕೊಂಡ್ನಲ್ಲ ಸಾ, ಕೇಳುಸ್ನಿಲ್ವಾ?" ಮಾದೇಶ ನೀರು ಉಗುಳುತ್ತ, "ಕೇಳುಸ್ತು. ಅದ್ಕೇ ನಿಲ್ಲುಸ್ಕೊಂಡಿದ್ದೋ" ಎಂದ.

ನನಗೆ ವಾರವಿಡೀ ಜ್ವರ. ಅಷ್ಟರಲ್ಲಿ ಮಾದೇಶ ಆ ಕ್ಯಾಸೆಟ್ಟನ್ನು ತಿ. ನರಸೀಪುರದ ತನ್ನ ಭಾವನ ಕ್ಯಾಸೆಟ್ ಅಂಗಡಿಯಲ್ಲಿ ಹಾಕಿಸಿದ್ದ. ಬಸ್‌ಸ್ಟ್ಯಾಂಡಿಗೆ ಬಂದವರು ನಿಂತು ಕೇಳಿದರಂತೆ. ಆದರೆ ಎಲ್ಲರ ಪ್ರಶ್ನೆ ಒಂದೇ: "ಎರಡನೇ ಚರಣದಿಂದ ಮೆಲ್ಲಗೆ ಒಂದು ಗೆಜ್ಜೆ ಬತ್ತದಲ್ಲ, ಬತ್ತಾ ಬತ್ತಾ ಜೋರಾಯ್ತದಲ್ಲ, ಅದ್ಯಾರು?" ನನ್ನ ಕಿರುಬೆರಳು. ಮೈಕು ಹಿಡಿದ ಕೈ ನಡುಗಿದಷ್ಟೂ ತಾಳ ಬಿದ್ದಿತ್ತು.

ಅಲ್ಲಿನ ಕಾಲೇಜೊಂದರ ವಾರ್ಷಿಕೋತ್ಸವಕ್ಕೆ ಕರೆ ಬಂತು. ವೇದಿಕೆಯ ಮೇಲೆ ಕೀಗೊಂಚಲು ಹಿಡಿದು ನಿಂತೆ. ಒಣನೆಲ, ಗಟ್ಟಿ ಹಲಗೆ, ಮುಂದೆ ಹುಡುಗಿಯರು. ಕೈ ಕಲ್ಲಿನಂತೆ ನಿಂತುಬಿಟ್ಟಿತು. ಬೇಕೆಂದೇ ಅಲ್ಲಾಡಿಸಿದರೆ ಎತ್ತಿನ ಗಾಡಿ ಹೋದಂತೆ ಸದ್ದು. "ಲೇ, ಕ್ಯಾಸೆಟ್ಟಲ್ ಇದ್ದೋನ ಕರ್ಸ್ರಲಾ" ಎಂದು ಹಿಂದಿನಿಂದ ಕೂಗು. ಆಗ ಶಿವು ನನ್ನ ಕಿವಿಯ ಬಳಿ ಬಾಗಿ, ಆಟೋದವನ ರಾಗದಲ್ಲೇ, "ಅಣೆಕಟ್ಟೆಯಿಂದ ನೀರು ಬಿಟ್ಟಿದ್ದಾರೆ" ಎಂದ. ಗೆಜ್ಜೆ ಶುರುವಾಯಿತು. ಚಪ್ಪಾಳೆಯೂ ಬಿತ್ತು. ಹಾಡು ಮುಗಿದ ಮೇಲೂ ನನ್ನ ಕೈ ಮಾತ್ರ ನಿಲ್ಲಲಿಲ್ಲ. ವಾಪಸ್ ಬರುವ ಬಸ್ಸಿನಲ್ಲಿ ಮಾದೇಶ ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಕೂತಿದ್ದ. "ಸಾಕು ಕಣೋ, ಇನ್ನೊಂದ್ ಪ್ರೋಗ್ರಾಮ್ ಬ್ಯಾಡ" ಎಂದ. ಬ್ಯಾಂಡು ಅಲ್ಲಿಗೆ ಮುಗಿಯಿತು.

ಕ್ಯಾಸೆಟ್ಟನ್ನು ಇವತ್ತಿಗೂ ಕೇಳುತ್ತೇನೆ. ಮೂವರೂ ಬದುಕಿದ್ದೇವೆಂದು ಚೆನ್ನಾಗಿ ಗೊತ್ತು. ಮೊನ್ನೆ ಶಿವುವಿನ ಮಗಳ ಮದುವೆಯಲ್ಲಿ ಒಟ್ಟಿಗೇ ಉಂಡೆವು. ಆದರೂ ಎರಡನೇ ಚರಣ ಬಂದೊಡನೆ ನನ್ನ ಎರಡೂ ಕಾಲು ತಾವಾಗಿಯೇ ಕುರ್ಚಿಯ ಮೇಲೆ ಹತ್ತಿಬಿಡುತ್ತವೆ, ಹಾಡು ಮುಗಿಯುವವರೆಗೂ ಇಳಿಯುವುದಿಲ್ಲ. ನನ್ನ ಹೆಂಡತಿ ಇದಕ್ಕೆ ನಗುವುದೂ ಇಲ್ಲ, ಸಮಾಧಾನ ಹೇಳುವುದೂ ಇಲ್ಲ. ನೆಲ ಒರೆಸುವ ದಿನ ಅವಳೇ ಕ್ಯಾಸೆಟ್ ಹಾಕುತ್ತಾಳೆ.