ಹಲಗೆಯ ಹಿಂದಿನ ಮೋಜಡಿ

ನನಗೊಂದು ಆಸೆಯಿದೆ. ಮಾಲಕರ ಕಿವಿಗೆ ಬಿದ್ದರೆ ಕೆಲಸ ಹೋಗುವಂಥ ಆಸೆ. ನಾನು ನೋಡಿಕೊಳ್ಳುವ ಜಾಗದಲ್ಲಿ ಆಗಾಗ ಏನಾದರೊಂದು ಸಣ್ಣದಾಗಿ ಕೆಡಬೇಕು. ಯಾರಿಗೂ ಪೆಟ್ಟಾಗುವಂಥದ್ದಲ್ಲ, ದೇವರಾಣೆ. ನಳ ಸೋರಬೇಕು, ಚಿಲಕ ಬಿಗಿಯಾಗಬೇಕು, ಕನ್ನಡಿಯ ಮೇಲಿನ ದೀಪ ಮಿಣುಕಬೇಕು, ಅಷ್ಟೇ. ಆಗ ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದುಕೊಂಡು ಯಾರಾದರೂ ನನ್ನ ಕೋಣೆಯ ಬಾಗಿಲಿಗೆ ಬಂದು, "ಅಕ್ಕಾರ, ಸ್ವಲ್ಪ ಬರ್ರಿ" ಎನ್ನುತ್ತಾರೆ. ಎಲ್ಲವೂ ಸರಿಯಾಗಿ ನಡೆದ ದಿನ ನನ್ನನ್ನು ಯಾರೂ ಏನೂ ಅನ್ನುವುದಿಲ್ಲ. ಸರಿಯಾಗಿ ನಡೆಯುವುದರಲ್ಲಿ ಇದೊಂದು ಕೊರತೆ.

ನಾನಿರುವುದು ಚಿಕ್ಕೋಡಿಯಿಂದ ನಿಪ್ಪಾಣಿಗೆ ಹೋಗುವ ರಸ್ತೆಯ ಮೇಲಿನ ಒಂದು ಮಂಗಲ ಕಾರ್ಯಾಲಯದಲ್ಲಿ. ಹೆಸರು ಕಮಲಾಬಾಯಿ, ಆದರೆ ಆ ಹೆಸರಿನಿಂದ ಕರೆಯುವವರು ಈಗ ಯಾರೂ ಉಳಿದಿಲ್ಲ, ಎಲ್ಲರಿಗೂ ಅಕ್ಕಾರ. ಕೋಣೆಗಳ ಕೀಲಿ ಕೊಡುವುದು, ಪಾತ್ರೆ ಎಣಿಸಿ ತೆಗೆದುಕೊಳ್ಳುವುದು, ಹೆಂಗಸರ ಸ್ವಚ್ಛತಾಗೃಹಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಮದುವೆಯಾಗುವ ವಯಸ್ಸಿನಲ್ಲಿ ಮನೆಯ ಬೇರೆ ಬೇರೆ ಕೆಲಸಗಳು ಮುಂದೆ ಬಂದವು, ಆಮೇಲೆ ವಯಸ್ಸೇ ಮುಂದೆ ಹೋಗಿಬಿಟ್ಟಿತು. ಹೀಗಾಗಿ ನಾನು ನೋಡಿದಷ್ಟು ಮದುವೆಗಳನ್ನು ಈ ತಾಲೂಕಿನಲ್ಲಿ ಭಟ್ಟರು ಬಿಟ್ಟರೆ ಬೇರಾರೂ ನೋಡಿರಲಿಕ್ಕಿಲ್ಲ. ಆದರೆ ನನಗೆ ಆಮಂತ್ರಣ ಕೊಟ್ಟು ಕರೆದ ಮದುವೆ ಯಾವುದೆಂದು ಕೇಳಿದರೆ ಸ್ವಲ್ಪ ಯೋಚಿಸಬೇಕಾಗುತ್ತದೆ.

ಮೊದಲು ಹೆಂಗಸರ ಸ್ವಚ್ಛತಾಗೃಹದಲ್ಲಿ ನೀರಿನ ಪೈಪುಗಳು ಗೋಡೆಯ ಮೇಲೇ ಓಡಾಡುತ್ತಿದ್ದವು. ದಪ್ಪದ್ದೊಂದು, ಸಣ್ಣವು ನಾಲ್ಕಾರು, ಮಧ್ಯೆ ಮಧ್ಯೆ ತಿರುಗಿಸುವ ವ್ಹಾಲುಗಳು. ನೋಡಲು ಚೆಂದವಿರಲಿಲ್ಲ, ಒಪ್ಪುತ್ತೇನೆ. ಆದರೆ ಉಪಕಾರಕ್ಕೆ ಅವುಗಳಂಥವು ಇರಲಿಲ್ಲ. ಹೆಂಗಸರು ಅವುಗಳ ಮೇಲೆ ಪರ್ಸು ತೂಗುಹಾಕುತ್ತಿದ್ದರು, ಒದ್ದೆ ಟವೆಲು ಒಣಹಾಕುತ್ತಿದ್ದರು, ಮುಡಿಯಲು ತಂದ ಮಲ್ಲಿಗೆ ದಂಡೆ ಬಾಡದಿರಲೆಂದು ತಣ್ಣನೆಯ ಪೈಪಿಗೆ ಸುತ್ತುತ್ತಿದ್ದರು. ಸುರಗಿ ಶಾಸ್ತ್ರದ ನೀರು ಹಾಕಿಸಿಕೊಂಡು ಮೈಯೆಲ್ಲ ಅರಿಷಿಣವಾಗಿ ಬಂದವರು ಯಾವುದೋ ವ್ಹಾಲು ತಿರುಗಿಸುತ್ತಿದ್ದರು, ಗಂಡಸರ ಕಡೆ ನೀರು ನಿಲ್ಲುತ್ತಿತ್ತು. ಆ ಕಡೆಯಿಂದ ಬೊಬ್ಬೆ, ಈ ಕಡೆಯಿಂದ ನಗು, ನಡುವೆ ನಾನು. ನೀರು ಬಿಡಿಸಿಕೊಂಡು ಹೋಗಲು ಬಂದವರು ನನ್ನ ಕೋಣೆಯಲ್ಲಿ ಕುಳಿತು ಪಿನ್ನು ಕೇಳುತ್ತಿದ್ದರು, ಕೂಸಿಗೆ ಹಾಲೂಡಿಸುತ್ತಿದ್ದರು, ಅತ್ತೆಯ ಬಗ್ಗೆ ನಾಲ್ಕು ಮಾತು ಹೇಳಿ ಮನಸ್ಸು ಹಗುರ ಮಾಡಿಕೊಳ್ಳುತ್ತಿದ್ದರು. ಅವರ ಅತ್ತೆ ಬಂದಾಗ ಸೊಸೆಯ ಬಗ್ಗೆ ನಾಲ್ಕು ಮಾತು. ನಾನು ಎರಡಕ್ಕೂ ಹೂಂ ಅನ್ನುತ್ತಿದ್ದೆ.

ನಮ್ಮ ಮಾಲಕರು ಅಣ್ಣಾಸಾಹೇಬರು ಒಮ್ಮೆ ಕೊಲ್ಲಾಪುರದ ಯಾವುದೋ ಹೋಟೆಲಿಗೆ ಊಟಕ್ಕೆ ಹೋಗಿ ಕೈತೊಳೆಯಲು ಎದ್ದರು. ಅಲ್ಲಿಗೆ ನನ್ನ ಸುಖ ಮುಗಿಯಿತು. ಮರುದಿನ ಬಂದವರೇ, "ಕಮಲಾಬಾಯಿ, ಅಲ್ಲಿ ಒಂದ ಪೈಪ್ ಕಾಣಂಗಿಲ್ಲರಿ. ನೀರ ಎಲ್ಲಿಂದ ಬಂತು, ಎಲ್ಲಿ ಹೋತು, ಗೊತ್ತ ಆಗಂಗಿಲ್ಲ. ನಮ್ಮಲ್ಲೂ ಹಂಗ ಆಗಬೇಕು" ಎಂದರು. ಹೆಸರು ಹಿಡಿದು ಕರೆದದ್ದು ಅದೊಂದು ಸಲವೇ. ಉಳಿದ ದಿನ ಅವರಿಗೂ ನಾನು ಅಕ್ಕಾರನೇ.

ಹಲಗೆ ಕೂರಿಸಲು ನಿಪ್ಪಾಣಿಯಿಂದ ಮೆಹಬೂಬ ಬಂದ. ಕೆಲಸದಲ್ಲಿ ಚೊಕ್ಕ, ಮಾತಿನಲ್ಲಿ ಧಾರಾಳ. ನೀರು ತಾಗಿದರೂ ಉಬ್ಬದ ಬಿಳಿ ಹಲಗೆಗಳನ್ನು ಬೇಸಿನ್ನುಗಳ ಹಿಂದೆ ನೆಲದಿಂದ ಎದೆಮಟ್ಟದವರೆಗೆ ಉದ್ದಕ್ಕೂ ಕೂರಿಸಿ, ಪೈಪುಗಳನ್ನೆಲ್ಲ ಒಳಗೆ ಹಾಕಿಬಿಟ್ಟ. ವ್ಹಾಲಿನ ಎದುರಿಗೆ ಒಂದು ಪುಟ್ಟ ಬಾಗಿಲು ಬೇಕೇ ಬೇಕೆಂದು ಹಟ ಹಿಡಿದ.

"ಬಾಗಲಾ ಇರಲಿ, ಆದರ ಕಾಣಬಾರ್ದು" ಎಂದರು ಅಣ್ಣಾಸಾಹೇಬರು.

"ಕಾಣದ ಬಾಗಲಾ ಹೆಂಗ ಮಾಡ್ಲಿರಿ ಸಾಹೇಬ್ರ? ನಾ ಕಾರ್ಪೆಂಟರ್ ಅದೀನಿ, ಜಾದೂಗಾರ ಅಲ್ಲ" ಎಂದವನು ಕೊನೆಗೆ ಜಾದೂವನ್ನೇ ಮಾಡಿದ. ಹಿಡಿಕೆ ಇಲ್ಲ, ಕೀಲಿ ಇಲ್ಲ, ಉಳಿದ ಹಲಗೆಗಳ ಹಾಗೆಯೇ ಇರುವ ಒಂದು ಹಲಗೆ. ಒಂದು ಮೂಲೆಯಲ್ಲಿ ಬೆರಳಿಂದ ಒತ್ತಿದರೆ ಟಕ್ಕೆಂದು ತೆರೆಯುತ್ತದೆ, ಮತ್ತೆ ಒತ್ತಿದರೆ ಮುಚ್ಚುತ್ತದೆ. ಯಾವ ಹಲಗೆ, ಯಾವ ಮೂಲೆ ಎಂಬುದು ಅವನನ್ನು ಬಿಟ್ಟರೆ ನನಗೊಬ್ಬಳಿಗೆ ಗೊತ್ತು.

ಕೆಲಸ ಬಹಳ ಚೆಂದವಾಯಿತು. ಬಂದವರೆಲ್ಲ ಹಲಗೆಯ ಮುಂದೆ ನಿಂತು ಫೋಟೊ ತೆಗೆಸಿಕೊಂಡರು. ನೀರು ನಿಲ್ಲಲಿಲ್ಲ, ಸೋರಲಿಲ್ಲ. ತೂಗುಹಾಕಲು ಉಕ್ಕಿನ ಕೊಕ್ಕೆಗಳೂ ಬಂದವು. ನನ್ನ ಕೋಣೆಗೆ ಮಾತ್ರ ಯಾರೂ ಬರಲಿಲ್ಲ. ಮದುವೆ ಇದ್ದ ದಿನವೂ ನಾನು ಬಾಗಿಲು ತೆರೆದಿಟ್ಟುಕೊಂಡು, ಪಿನ್ನಿನ ಡಬ್ಬಿಯನ್ನು ಎದ್ದು ಕಾಣುವಂತೆ ಮೇಜಿನ ಅಂಚಿಗೆ ಇಟ್ಟುಕೊಂಡು, ಬ್ಯಾಂಡಿನ ಸದ್ದು ಕೇಳುತ್ತಾ ಕುಳಿತೆ. ಅಡಿಗೆಯವರು ತಾಟು ಕಳಿಸುತ್ತಿದ್ದರು. ಜನರ ನಡುವೆ ಒಬ್ಬಳೇ ಕುಳಿತು ಶಿರಾ ತಿನ್ನುವುದು ಎಷ್ಟು ಕಷ್ಟವೆಂದು ಆಗ ತಿಳಿಯಿತು. ಗಂಟಲಿಗೆ ಅಂಟುತ್ತದೆ. ಅಡಿಗೆಯವನಿಗೆ ತುಪ್ಪ ಕಡಿಮೆಯಾಗಿದೆ ಎಂದೆ. ಪಾಪ, ಅವನು ಮರುದಿನ ಇನ್ನಷ್ಟು ಹಾಕಿದ.

ಹೀಗಿರುವಾಗ ಜುಗೂಳದ ಹುಡುಗಿಗೂ ಅಥಣಿ ಕಡೆಯ ಹುಡುಗನಿಗೂ ನಮ್ಮಲ್ಲಿ ಮದುವೆಯಾಯಿತು. ಮದುಮಕ್ಕಳ ತಲೆಗೆ ಅಕ್ಕಿಕಾಳು ಬಿದ್ದು ಜನ ಊಟಕ್ಕೆ ನುಗ್ಗಿದ ಹೊತ್ತು. ಮದುಮಗಳ ತಂಗಿ ಪಲ್ಲವಿ ಎಂಬ ಹುಡುಗಿ ನನ್ನ ಬಾಗಿಲಿಗೆ ಬಂದು ಉಗುರು ಕಚ್ಚುತ್ತಾ ನಿಂತಳು.

"ಅಕ್ಕಾರ, ಸಿಟ್ಟ ಆಗಬ್ಯಾಡ್ರಿ. ನಿಮ್ಮ ಗ್ವಾಡಿ ನಮ್ಮ ಮಾಮಾನ ಮೋಜಡಿ ನುಂಗೈತ್ರಿ."

ಆದದ್ದು ಇಷ್ಟು. ಮದುಮಗ ಮಂಟಪ ಹತ್ತುವಾಗ ಕಾಲಿಂದ ಬಿಟ್ಟ ಮೋಜಡಿ ಜೋಡನ್ನು ಮದುಮಗಳ ತಂಗಿಯರು ಅಡಗಿಸಿಡುವುದು ಈಗಿನ ಪದ್ಧತಿ. ಹುಡುಗ ಹೆಂಡತಿಯ ಹೆಸರು ಸೇರಿಸಿ ಎರಡು ಸಾಲಿನ ಒಡಪು ಹೇಳಿದ ಮೇಲೆ ಕೊಡಬೇಕು. ಅಡಗಿಸಲು ಜಾಗ ಹುಡುಕುತ್ತಾ ಇವರು ಸ್ವಚ್ಛತಾಗೃಹಕ್ಕೆ ಬಂದಿದ್ದಾರೆ, ಪಲ್ಲವಿ ಹಲಗೆಗೆ ಒರಗಿದ್ದಾಳೆ, ಟಕ್ಕೆಂದು ಬಾಗಿಲು ತೆರೆದಿದೆ. ಇಂಥ ಕಪಾಟು ಬೇರೆಲ್ಲಿ ಸಿಗಬೇಕು? ಮೋಜಡಿಯನ್ನು ಪೈಪಿನ ಮೇಲಿಟ್ಟು ಒತ್ತಿ ಮುಚ್ಚಿದ್ದಾರೆ. ಹುಡುಗ ಚೆಂದವಾಗಿ ಒಡಪು ಹೇಳಿದ. ತರಲು ಬಂದರೆ ಎಲ್ಲ ಹಲಗೆಗಳೂ ಒಂದೇ ಥರ!

ನಾನು ಎದ್ದೆ. ಸೆರಗು ಸರಿಮಾಡಿಕೊಂಡೆ. ಅವಸರವಿಲ್ಲದೆ ನಡೆದೆ. ಒಳಗೆ ಜರತಾರಿ ಸೀರೆಗಳ ಒಂದು ಹಿಂಡು ನಿಂತು ಕಂಡ ಕಂಡ ಹಲಗೆಯನ್ನು ಅಂಗೈಯಿಂದ ಒತ್ತುತ್ತಿತ್ತು. "ಸರೀರಿ, ಅಕ್ಕಾರ ಬಂದ್ರು!" ಎಂದು ಯಾರೋ ಅಂದರು. ಎಲ್ಲರೂ ದಾರಿ ಬಿಟ್ಟರು. ಮಂಟಪಕ್ಕೆ ಬರುವ ಮದುಮಗಳಿಗೂ ಅಷ್ಟು ದಾರಿ ಬಿಟ್ಟಿರಲಿಲ್ಲ. ಮೂಲೆಗೆ ಬೆರಳಿಟ್ಟು ಒತ್ತಿದೆ. ಟಕ್. "ಅಗಾಗಾ!" ಎಂದಿತು ಹಿಂಡು.

ಪೈಪಿನ ಮೇಲೆ ಮೋಜಡಿ ಇರಲಿಲ್ಲ. ಜಾರಿ ಕೆಳಗೆ, ದಪ್ಪ ಪೈಪಿನ ಹಿಂದೆ ಬಿದ್ದಿದ್ದವು. ನನ್ನ ತೋಳು ಮೊಣಕೈವರೆಗೆ ಹೋಯಿತು, ಮುಂದೆ ಹೋಗಲಿಲ್ಲ. ಇಷ್ಟು ವರ್ಷದ ಮದುವೆ ಊಟ ಎಲ್ಲಾದರೂ ಸೇರಲೇಬೇಕಲ್ಲ. ಅಡಿಗೆಯವರು ಕರಿದದ್ದನ್ನು ಎತ್ತುವ ಉದ್ದ ಹಿಡಿಕೆಯ ಝಾರಿ ತರಿಸಿ ಒಂದನ್ನು ಎತ್ತಿದೆವು. ಇನ್ನೊಂದು ಇನ್ನಷ್ಟು ಒಳಗೆ ಸರಿಯಿತು. ಕೆಳಗಿನ ಹಲಗೆಯ ಸ್ಕ್ರೂ ಬಿಚ್ಚದೆ ಬೇರೆ ದಾರಿ ಇರಲಿಲ್ಲ.

ಹುಡುಗನ ಸೋದರತ್ತೆ, ಕಾಗವಾಡದ ಹೆಂಗಸು, ಸೊಂಟದ ಮೇಲೆ ಕೈಯಿಟ್ಟು ಬಂದಳು. "ಅಹೋ ಬಾಯಿ, ನಮ್ಮ ಹುಡುಗ ಶೇರವಾನಿ ಮ್ಯಾಲ ರಬ್ಬರ್ ಚಪ್ಪಲ್ ಹಾಕ್ಕೊಂಡ ಹೆಂಡ್ತಿನ್ನ ಕರ್ಕೊಂಡ ಹೋಗಬೇಕೇನ್ರಿ? ಕಾಯ್ ಹೇ, ಏನಿದು ಚೇಷ್ಟಾ!"

ಮೆಹಬೂಬನಿಗೆ ಫೋನು ಮಾಡಿದೆ. "ಇಲ್ಲೇ ಸಮೀಪ ಒಂದ ಕೆಲಸಕ್ಕ ಬಂದೀನ್ರಿ ಅಕ್ಕಾ, ಊಟಕ್ಕ ಕುಂತೀನಿ. ಹಂಗ ಎದ್ದ ಬರ್ಲೇನ್ರಿ?" ಎಂದ. ನಾನು ಹಿಂದೆ ತಿರುಗಿ ನೋಡಿದೆ. ಹೆಂಗಸರೆಲ್ಲ ನನ್ನ ಕೋಣೆಯ ಕಡೆಗೆ ಹೊರಟಿದ್ದರು, ಅಲ್ಲೇ ಫ್ಯಾನು ಇರುವುದು. "ಬ್ಯಾಡಪ್ಪಾ, ಪೂರಾ ಊಟಾ ಮಾಡು. ಮಜ್ಜಿಗಿ ಕುಡದ ಸಾವಕಾಶ ಬಾ" ಎಂದೆ. ಅನ್ನದ ಮುಂದಿನಿಂದ ಮನುಷ್ಯನನ್ನು ಎಬ್ಬಿಸಬಾರದಲ್ಲವೇ. ನನ್ನ ಮನಸ್ಸು ಎಷ್ಟು ದೊಡ್ಡದೆಂದು ನನಗೇ ಆಶ್ಚರ್ಯವಾಯಿತು.

ಕೋಣೆ ತುಂಬಿತು. ಕುರ್ಚಿ, ಮಂಚ, ಪಾತ್ರೆಯ ಪೆಟ್ಟಿಗೆ, ಎಲ್ಲದರ ಮೇಲೂ ಜನ. ಚಹಾ ಬಂತು. ನನ್ನ ಡಬ್ಬಿಯ ಪಿನ್ನುಗಳೆಲ್ಲ ಖರ್ಚಾದವು. ಸಿಟ್ಟಿನ ಸೋದರತ್ತೆಯೂ ಕಾಲುಚಾಚಿ ಕುಳಿತಳು. ಹುಡುಗ ಹೇಳಿದ ಒಡಪಿನ ಮಾತು ಬಂತು. ಹಾಗಾದರೆ ನೀವೂ ಒಬ್ಬೊಬ್ಬರಾಗಿ ಗಂಡನ ಹೆಸರು ಹೇಳಿರೆಂದು ಪಲ್ಲವಿ ಗಂಟುಬಿದ್ದಳು. ಶಿರಗುಪ್ಪಿಯಿಂದ ಬಂದ ಅವಳ ಚಿಕ್ಕಮ್ಮ ಗಂಟಲು ಸರಿಮಾಡಿಕೊಂಡಳು:

"ಕಬ್ಬಿನ ಗದ್ದಿಗಿ ನೀರ ಬಿಟ್ಟಾರ ಕಾಲವಿ ತುಂಬ,
ಬಸವರಾಜರ ಹೆಸರ ಹೇಳತೀನಿ ಬಾಯಿ ತುಂಬ."

ಚಪ್ಪಾಳೆ ಬಿತ್ತು. ಸೋದರತ್ತೆ ಬಿಡುವವಳೇ?

"ತಾಟಿನ್ಯಾಗ ಹೋಳಗಿ, ಹೋಳಗಿ ಮ್ಯಾಲ ತುಪ್ಪ,
ಮಲ್ಲಪ್ಪನವರ ಹೆಸರ ಹೇಳಿದರ ಸಿಟ್ಟ ಬರತೈತಿ ಸ್ವಲ್ಪ."

ನಕ್ಕು ನಕ್ಕು ಒಬ್ಬಳ ಚಹಾ ಸೀರೆಯ ಮೇಲೆ ಚೆಲ್ಲಿತು. ಹೀಗೆ ಸರದಿ ಸುತ್ತಿ ಸುತ್ತಿ ಕೊನೆಗೆ ಬಾಗಿಲ ಬಳಿ ಸ್ಟೂಲಿನ ಮೇಲೆ ಕುಳಿತಿದ್ದ ನನ್ನ ಹತ್ತಿರ ಬಂದು ನಿಂತಿತು.

"ಈಗ ಅಕ್ಕಾರದು! ಹೇಳ್ರಿ ಅಕ್ಕಾರ, ಮಾಮಾರ ಹೆಸರೇನ್ರಿ?" ಎಂದಳು ಪಲ್ಲವಿ.

ಚಿಕ್ಕಮ್ಮ ನನ್ನ ಬರಿಗೊರಳು ನೋಡಿ ಅವಳ ತೊಡೆ ಚಿವುಟಿದಳು. ಎಲ್ಲರೂ ತಮ್ಮ ತಮ್ಮ ಚಹಾದ ಕಪ್ಪಿನೊಳಗೆ ನೋಡತೊಡಗಿದರು. ಇನ್ನೊಂದು ಕ್ಷಣ ಹಾಗೆಯೇ ಬಿಟ್ಟರೆ ಒಬ್ಬೊಬ್ಬರಾಗಿ ಎದ್ದು ಹೋಗುತ್ತಾರೆಂದು ನನಗೆ ಗೊತ್ತಿತ್ತು. ಅದೊಂದು ಆಗಬಾರದಿತ್ತು. ಹೆಸರಿನ ಅಡಚಣೆ ಅಷ್ಟು ದೊಡ್ಡದಲ್ಲ. ನಾನು ಸ್ಟೂಲಿನಿಂದ ಎದ್ದೇ ನಿಂತೆ:

"ಗ್ವಾಡಿಗಿ ಹಲಗಿ, ಹಲಗಿ ಹಿಂದ ನೀರು,
ಕಮಲಾಬಾಯಿ ಹೆಸರ ಕಮಲಾಬಾಯಿನ ಬಿಟ್ಟ ಹೇಳವರು ಯಾರು?"

ಒಂದು ಗಳಿಗೆ ಯಾರಿಗೂ ತಿಳಿಯಲಿಲ್ಲ. ಆಮೇಲೆ ಸೋದರತ್ತೆ ಮೊದಲು ನಕ್ಕಳು, "ವಾ ಕಮಲಾಬಾಯಿ!" ಎಂದಳು. ಹಿಂದೆಯೇ ಎಲ್ಲರೂ. ಪಲ್ಲವಿ ನನ್ನ ಕೊರಳಿಗೆ ಜೋತುಬಿದ್ದು, "ಕಮಲಾ ಮಾವಶಿ, ಇನ್ನೊಂದ, ಇನ್ನೊಂದ" ಎಂದು ಪೀಡಿಸತೊಡಗಿದಳು. ಇನ್ನೊಂದು ಕಟ್ಟುತ್ತಿದ್ದೆ, ಅರ್ಧವೂ ಆಗಿತ್ತು. ಅಷ್ಟರಲ್ಲಿ ಸ್ವಚ್ಛತಾಗೃಹದಿಂದ ಮೆಹಬೂಬನ ಗಂಟಲು: "ಸಿಕ್ತ ನೋಡ್ರೀ!"

ಯಾವಾಗ ಬಂದಿದ್ದನೋ ಮಾರಾಯ. ಮಜ್ಜಿಗೆ ಕುಡಿದಿರಲಿಕ್ಕಿಲ್ಲ.

ಹಿಂಡು ಒಮ್ಮೆಲೇ ಎದ್ದಿತು. ಗದ್ದಲ, ಮೋಜಡಿ, ಹುಡುಗಿಯ ಅಳು, ಗಾಡಿಗಳ ಹಾರ್ನು. ಪಲ್ಲವಿ ಗಾಡಿಯ ಕಿಟಕಿಯಿಂದ ಕೈ ಬೀಸಿದ್ದು ನನಗೇ ಎಂದುಕೊಂಡು ನಾನೂ ಬೀಸಿದೆ. ನನ್ನ ಹಿಂದೆ ಅವಳ ಕಾಕಾ ನಿಂತಿದ್ದರು. ಕೋಣೆಗೆ ಬಂದು ಚಹಾದ ಕಪ್ಪುಗಳನ್ನು ಒಂದೊಂದಾಗಿ ತೊಳೆದೆ. ಅಡಿಗೆಯ ಹೆಂಗಸರು ತೊಳೆಯುತ್ತೇವೆ ಅಂದರೂ ಕೊಡಲಿಲ್ಲ.

ಸುದ್ದಿ ಅಣ್ಣಾಸಾಹೇಬರಿಗೆ ಮುಟ್ಟಿತು. ಪುಟ್ಟ ಬಾಗಿಲಿಗೆ ಕೀಲಿ ಬಂತು. ಇನ್ನು ಮೇಲೆ ಇಂಥದ್ದೇನಾದರೂ ಆದರೆ ಜನಕ್ಕೆ ಗೊತ್ತಿರಲಿ, ಒಂದು ಬೋರ್ಡು ಹಾಕಿ ಎಂದರು. ನಾನೇ ಕನ್ನಡದಲ್ಲೂ ಮರಾಠಿಯಲ್ಲೂ ದುಂಡಗೆ ಬರೆದು ಕನ್ನಡಿಯ ಪಕ್ಕ ಅಂಟಿಸಿದೆ: "ಹಲಗೆಯ ಹಿಂದೆ ಏನಾದರೂ ಬಿದ್ದಲ್ಲಿ ಕೂಡಲೇ ಕಚೇರಿಯಲ್ಲಿ ವಿಚಾರಿಸಿರಿ." ಕಚೇರಿ ಎಂದರೆ ನನ್ನ ಕೋಣೆಯೇ. 'ಕೂಡಲೇ' ಎಂಬುದರ ಕೆಳಗೆ ಗೆರೆ ಎಳೆದೆ. ಆದರೆ ನಮ್ಮ ಜನ ಒಮ್ಮೆಲೇ ಬಹಳ ಜಾಗರೂಕರಾಗಿಬಿಟ್ಟಿದ್ದಾರೆ. ಎಷ್ಟೋ ಮದುವೆಗಳಾದವು, ಒಂದು ಪಿನ್ನೂ ಬೀಳಲಿಲ್ಲ.

ಮುಹೂರ್ತಗಳು ಮುಗಿದು ಆಷಾಢ ಬಂತು. ಕಾರ್ಯಾಲಯದಲ್ಲಿ ಯಾರೂ ಇಲ್ಲ. ಮೊನ್ನೆ ಆ ದೊಡ್ಡ ಕನ್ನಡಿಯ ಮುಂದೆ ತಲೆ ಬಾಚಿಕೊಳ್ಳುತ್ತಾ ನಿಂತಿದ್ದೆ. ಕೈಯಿಂದ ಜಾರಿದ ಬಾಚಣಿಕೆ ಹಲಗೆಯ ಮೇಲಂಚಿಗೂ ಗೋಡೆಗೂ ನಡುವೆ ಇದ್ದ ಸಂದಿನಲ್ಲಿ ಇಳಿದುಹೋಯಿತು. ಇಣುಕಿ ನೋಡಿದೆ, ಕಾಣಲಿಲ್ಲ. ತಲೆ ಎತ್ತಿದರೆ ಎದುರಿಗೇ ಬೋರ್ಡು. ಅಕ್ಷರ ಚೆನ್ನಾಗಿಯೇ ಬಂದಿತ್ತು. ಬರೆದವಳೇ ಪಾಲಿಸದಿದ್ದರೆ ಹೇಗೆಂದು ಅರ್ಧ ಬಾಚಿದ ತಲೆಯಲ್ಲೇ ಕಚೇರಿಗೆ ಹೋದೆ. ಬಾಗಿಲು ತೆರೆದೇ ಇತ್ತು, ಫ್ಯಾನು ತಿರುಗುತ್ತಿತ್ತು, ಕುರ್ಚಿಯಲ್ಲಿ ಮಾತ್ರ ಯಾರೂ ಇರಲಿಲ್ಲ. ಆದರೂ ಬಾಗಿಲಲ್ಲಿ ನಿಂತು, "ಅಕ್ಕಾರ, ಸ್ವಲ್ಪ ಬರ್ರಿ" ಎಂದೆ. ಆಮೇಲೆ, ಬಂದವರನ್ನು ನಿಲ್ಲಿಸಬಾರದೆಂದು, ಒಳಗೆ ಹೋಗಿ ಒಂದು ಕಪ್ ಚಹಾ ಇಟ್ಟೆ.