ತಾರಸಿ ಮೇಲೊಂದು ಪಡವಲ, ಕಂಪ್ಯೂಟರೊಳಗೊಂದು ಪಡವಲ

ವಿಜಯನಗರದಲ್ಲಿ ಮಹಡಿ ಬಾಡಿಗೆಗೆ ಕೊಟ್ಟವನಿಗೆ ದಿನಕ್ಕೊಂದು ತಲೆನೋವು ಇದ್ದಿದ್ದೇ. ನನಗೆ ಬಂದಿದ್ದು ಮಾತ್ರ ಬಳ್ಳಿ ರೂಪದಲ್ಲಿ ಬಂತು.

ಹುಳ

ಮಹಡಿಗೆ ಬಂದವಳು ಹಾವೇರಿ ಕಡೆ ಹುಡುಗಿ. ಗಿಡ ಹೇಗೆ ಬೆಳೆಯುತ್ತೆ ಅಂತ ಕಂಪ್ಯೂಟರಲ್ಲಿ ಲೆಕ್ಕ ಹಾಕೋ ಓದಂತೆ. ನನ್ನ ತಾರಸಿ ಮೇಲೆ ಚಪ್ಪರ ಕಟ್ಟಿ ಪಡವಲ ಹಾಕಿದಳು, ಕಂಪ್ಯೂಟರೊಳಗೂ ಹಾಗೇ ಒಂದು ಹಾಕಿದಳು. ಇಲ್ಲಿನ ಬಿಸಿಲು, ನೀರು, ಗೊಬ್ಬರ ಎಲ್ಲ ಅದಕ್ಕೆ ಹೇಳೋದು. ಅದು ಇಲ್ಲಿನ ಬಳ್ಳಿ ಥರಾನೇ ಬೆಳೆದು ತೋರಿಸಬೇಕು. ಗೈಡ್ ಸಾರ್ ನೋಡೋಕೆ ಬಂದಾಗ ಎರಡೂ ಹೊಂದದಿದ್ದರೆ ಅವಳ ಡಿಗ್ರಿ ಇನ್ನೊಂದು ವರ್ಷ ಮುಂದಕ್ಕೆ.

ನಾನು ಸ್ಕೂಲಿನ ಕಡೆ ತಲೆ ಹಾಕಿ ಮಲಗಿದವನೂ ಅಲ್ಲ, ಆದರೆ ಬಳ್ಳಿ ವಿಷಯದಲ್ಲಿ ನನ್ನನ್ನು ಮೀರಿಸೋರು ಮಾಗಡಿ ರೋಡ್ ಉದ್ದಕ್ಕೂ ಸಿಗಲ್ಲ. ಕಂಪ್ಯೂಟರಿನ ಬಳ್ಳಿಯನ್ನ ಬಗ್ಗಿ ನೋಡಿದೆ, ಒಂದು ಎಲೆಗೂ ತೂತಿಲ್ಲ. ಹುಳ ಎಲ್ಲಿ ಹೋದವಮ್ಮ ಅಂದೆ.

"ಇನ್ನೂ ಬಿಟ್ಟಿಲ್ರೀ ಅಜ್ಜಾರ, ಮುಂದಿನ ತಿಂಗಳ ಬಿಡ್ತೀನಿ."

ಹುಳ ತೆಗೆದೂ ತೆಗೆದೂ ನನ್ನ ಬೆರಳು ಸವೆದಿದೆ. ಬಿಡೋದಕ್ಕೂ ಓದಬೇಕಂತೆ.

ಬೆಳವಣಿಗೆ

ಕಾಯಿ ದಿನಕ್ಕೆ ಎಷ್ಟು ಉದ್ದ ಆಗುತ್ತೆ ಅಂತ ಅಳೀತಾ ಕೂತಿದ್ದಳು. ಟೇಪ್ ಯಾಕೆ, ನನ್ನ ಕೇಳು ಅಂದೆ. ಸುಂಕದಕಟ್ಟೇಲಿ ನಾನು ಬೆಳೆದ ಕಾಯಿ ಸಂಜೆ ಸೊಂಟದ ಮಟ್ಟ ಇತ್ತು, ಬೆಳಗಾಗೋದ್ರಲ್ಲಿ ನೆಲ ತೂರಿ ಇಳಿದಿತ್ತು, ಕೀಳೋಕೆ ನಾಲ್ಕು ಜನ ಬೇಕಾದರು, ಕೆಳಗಿಂದ ನೀರು ಬಂತು. ನನ್ನ ಬಾಯಿ ಮುಚ್ಚಿಸೋಕೋ ಏನೋ, ಅದನ್ನೇ ಕಂಪ್ಯೂಟರಿಗೆ ಹಾಕಿ ನನ್ನನ್ನು ಕರೆದಳು. ಕಾಯಿ ತಾರಸಿ, ಅವಳ ಮಹಡಿ ಎರಡನ್ನೂ ತೂರಿ ಕೆಳಗಿಳಿದಿತ್ತು.

"ನೋಡ್ರಿ, ನಿಮ್ಮ ಅಡಗಿಮನಿಗೇ ಬಂತು."

"ಮತ್ತೆ? ಪಡವಲಕಾಯಿ ಇನ್ನೆಲ್ಲಿಗೆ ಹೋಗಬೇಕು?" ಅಂದೆ.

ಕಲ್ಲು

ಅವಳ ಕಾಯಿಗಳು ಹಾವಿನ ಥರ ಸುರುಳಿ ಸುತ್ತಿಕೊಂಡವು. ಕಂಪ್ಯೂಟರಲ್ಲೂ ಹಾಗೇ ಸುತ್ತಿದವು ಅಂತ ಅವಳಿಗೆ ಖುಷಿಯೋ ಖುಷಿ. ನನ್ನ ತಾರಸಿ ಮೇಲೆ ಸೊಟ್ಟ ಕಾಯಿ ಅಂದರೆ ನನಗೆ ಬೀದಿಯಲ್ಲಿ ತಲೆ ಎತ್ತೋ ಹಾಗಿಲ್ಲ. ಅವಳು ಒಂದು ವಾರ ಊರಿಗೆ ಹೋದಾಗ ಎಳೇ ಕಾಯಿಗಳ ತುದಿಗೆಲ್ಲ ಒಂದೊಂದು ಸಣ್ಣ ಕಲ್ಲು ಕಟ್ಟಿದೆ. ಎಲ್ಲರೂ ಮಾಡೋದೇ. ಕೋಲಿನ ಹಾಗೆ ನೆಟ್ಟಗಾದವು.

ವಾಪಸ್ ಬಂದವಳು ಗೈಡ್ ಸಾರನ್ನು ಕರಕೊಂಡೇ ಬಂದಳು. ಕಂಪ್ಯೂಟರಲ್ಲಿ ಸುರುಳಿ, ತಾರಸಿ ಮೇಲೆ ಕೋಲು. ಹುಡುಗಿ ಮುಖ ಬಿಳಚಿಕೊಂಡಿತು. "ಅಜ್ಜಾರ, ನಿಮಗ ಕಲ್ಲು ಕಟ್ರಿ ಅಂತ ಯಾರು ಅಂದಿದ್ರು?" ಅಂದಳು, ಅಳೋದೊಂದು ಬಾಕಿ.

ಗೈಡ್ ಸಾರ್ ಕಲ್ಲು ಮುಟ್ಟಿ ನೋಡಿ ನಕ್ಕರು. ಲೆಕ್ಕಕ್ಕೆ ಕಲ್ಲನ್ನೂ ಸೇರಿಸು, ಹೊಂದಿದರೆ ಒಪ್ಪಿಕೊಳ್ತೀನಿ ಅಂದರು. ಅವಳು ಕಲ್ಲು ತೂಗಿ, ಕಂಪ್ಯೂಟರ್ ಮುಂದೆ ಕೂತು ಕೀಲಿ ಕುಟ್ಟಿದಳು, ಕುಟ್ಟಿದಳು. ನನ್ನ ಎರಡು ಲೋಟ ಕಾಫಿ ಆರಿತು. ಕೊನೆಗೆ ಕಂಪ್ಯೂಟರಿನ ಕಾಯಿಗಳೂ ಒಂದೊಂದೇ ನೆಟ್ಟಗಾದವು. ಸಾರ್ ಒಪ್ಪಿದರು. ಹುಡುಗಿಗೆ ಹೋದ ಜೀವ ಬಂತು.

ಅಲ್ಲಿಗೆ ಸುಮ್ಮನಿರಬೇಕಿತ್ತು. ಇದೇನು ಮಹಾ, ನಾನು ಒಂದು ಕಾಯಿಗೆ ರುಬ್ಬೋ ಗುಂಡನ್ನೇ ಕಟ್ಟಿ ಬೆಳೆಸಿದವನು ಅಂದುಬಿಟ್ಟೆ.

"ಅದನ್ನೂ ಹಾಕಮ್ಮ, ನೋಡೋಣ" ಅಂದರು ಸಾರ್.

ಹಾಕಿದಳು. ಕಾಯಿ, ಬಳ್ಳಿ, ಚಪ್ಪರ ಎಲ್ಲ ಒಟ್ಟಿಗೆ ನೆಲ ಕಚ್ಚಿದವು. ಇಬ್ಬರೂ ತಿರುಗಿ ನನ್ನ ಮುಖ ನೋಡಿದರು.

"ನನ್ನ ಕಾಯಿದು ಏನೂ ತಪ್ಪಿಲ್ಲ ಸಾರ್," ಅಂದೆ. "ಆ ಚಪ್ಪರ ಕಟ್ಟಿದ್ದು ಯಾರು ಕೇಳಿ."