ಹೆಂಡತಿಯ ಫೈಬರ್ ಕಾಲು

ನನ್ನ ಹೆಂಡತಿ ತೀರಿಕೊಂಡ ಮೇಲೆ ಮಾತಾಡಿಸಲು ಬಂದವರು ಮುಖ ಸಣ್ಣದು ಮಾಡಿಕೊಂಡೇ ಒಳಗೆ ಬರುತ್ತಾರೆ; ಅವಳ ಫೈಬರ್ ಕಾಲಿನ ಮಾತು ತೆಗೆದರೆ ನಕ್ಕು ಹೋಗುತ್ತಾರೆ. ಆ ಕಾಲು ಮನೆಗೆ ಬಂದಾಗಿನಿಂದ ನಗು ಬರುವಂಥವು ನಡೆಯುತ್ತಲೇ ಇದ್ದವು.

ಗಾಜು

ತೊಂಬತ್ತರ ದಶಕದ ಕೊನೆಗೆ ಸಕ್ಕರೆ ಕಾಯಿಲೆಯಿಂದ ಅವಳ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ಯಾರ ಕೈಯನ್ನೂ ಹಿಡಿಯದೆ ನಡೆಯಬೇಕು ಎಂಬುದೊಂದೇ ಅವಳ ಹಟ. ಗೋಕಾಕಿನಲ್ಲಿ ಕೃತಕ ಕಾಲು ಜೋಡಿಸುವವನು ವಿವರಿಸಿದ:

"ಗಾಜಿನ ಎಳಿ ಇರ್ತಾವ್ರಿ ಅಕ್ಕಾರ. ಅಂಟಿನ್ಯಾಗ ನೆನಸಿ ಪದರ ಪದರ ಹಾಕಿರ್ತೇವಿ."

"ಗಾಜ? ಬಳಿ ಒಡದಂಗ ಒಡದ್ರ?"

"ಇಬ್ಬರು ನಿಂತ್ರೂ ಏನಾಗೂದಿಲ್ರಿ."

ಅವಳು ನನ್ನತ್ತ ತಿರುಗಿದಳು. "ಕೇಳಿದ್ರಿಲ್ಲ? ಇನ್ನ ನಿಮ್ಮನ್ನೂ ನಾನ ಹೊರತೇನಿ."

ಬಡಿತ

ಮೂಡಲಗಿಯ ಶಾಲೆಯಲ್ಲಿ ನಾನು ವಿಜ್ಞಾನದ ಮಾಸ್ತರ. ಇಂಥ ವಸ್ತು ಒಮ್ಮೆ ಬಿದ್ದ ದೊಡ್ಡ ಭಾರವನ್ನು ತಡೆದೀತು. ಸಣ್ಣ ಭಾರವೇ ಮತ್ತೆ ಮತ್ತೆ ಬಿದ್ದರೆ ಒಳಗೊಳಗೇ ಎಳೆಯಿಂದ ಅಂಟು ಬಿಡುತ್ತದೆ, ಪದರಗಳು ಬೇರೆಯಾಗುತ್ತವೆ, ಹೊರಗೆ ಕಾಣುವುದಿಲ್ಲ. ಅದಕ್ಕೆ ದಣಿವು ಎಂದೇ ಹೆಸರು. ಹೀಗಾಗಿ ಪ್ರತಿ ಭಾನುವಾರ ಆ ಕಾಲನ್ನು ಚಮಚದಿಂದ ತಟ್ಟಿ ಕೇಳುತ್ತಿದ್ದೆ. ಗಟ್ಟಿಯಿದ್ದಲ್ಲಿ ಟಣ್, ಪದರ ಬಿಟ್ಟಲ್ಲಿ ದಬ್.

"ಕಾಲು ಚಾಚು, ಇನ್ನೊಮ್ಮೆ ಬಡೀತೇನಿ" ಎಂದದ್ದು ಬಾಜೂ ಮನೆಯ ಕಾಕೂಗೆ ಕೇಳಿಸಿತು. ಲಟ್ಟಣಿಗೆ ಹಿಡಿದೇ ಬಂದರು.

"ಮಾಸ್ತರ್ರ, ನಾಚಿಕಿ ಬರಂಗಿಲ್ಲ? ಕಾಲಿಲ್ಲದಾಕಿಗೆ ಬಡೀತೀರಿ!"

ಹೆಂಡತಿ ಕಾಲು ಹಿಂತೆಗೆಯಲಿಲ್ಲ. "ಬಡೀಲಿ ಬಿಡ್ರಿ ಕಾಕೂ, ನನಗೇನೂ ನೋವಾಗಂಗಿಲ್ಲ."

ಪದ್ಮಾಸನ

ಒಂದು ಭಾನುವಾರ ಹಿಮ್ಮಡಿಯ ಮೇಲೆ ದಬ್ ಎಂದಿತು. ಹೊಸ ಕಾಲು ಬರುವವರೆಗೆ ನಡೆಯಬೇಡ ಎಂದೆ.

"ಕಾಲು ದಣದೈತಿ, ನಾ ದಣದಿಲ್ಲ."

ಯಮಕನಮರಡಿಯಲ್ಲಿ ಅವಳ ತಂಗಿಯ ಮಗಳ ಮದುವೆ. ಪಂಕ್ತಿಯುದ್ದಕ್ಕೂ ಓಡಾಡಿ ಹೋಳಿಗೆ ಬಡಿಸಿ ಬಂದಳು. ಕಾಲು ತಾಳಿಕೊಂಡಿತು. ಮುಂದಿನ ವಾರ ಎದೆ ನಿಂತಿತು. ಅಲ್ಲಿ ತಟ್ಟಿ ಕೇಳಬೇಕೆಂದು ನನಗೆ ಹೊಳೆದಿರಲಿಲ್ಲ.

ತೀರಿಕೊಂಡವರನ್ನು ಪದ್ಮಾಸನದಲ್ಲಿ ಕೂಡ್ರಿಸಿ ಮಣ್ಣು ಮಾಡುವುದು ನಮ್ಮ ಪದ್ಧತಿ. ಫೈಬರ್ ಕಾಲು ಅದಕ್ಕೆ ಒಗ್ಗಲಿಲ್ಲ. ಬಿಚ್ಚಬೇಕೆಂದು ಹಿರಿಯರು, ಕಾಲಿಲ್ಲದೆ ತಂಗಿಯನ್ನು ಕಳಿಸುವುದಿಲ್ಲವೆಂದು ಅವಳ ಅಣ್ಣ. ಎಲ್ಲರೂ ನನ್ನ ಮುಖ ನೋಡಿದರು. ಮೂಲೆಯಲ್ಲಿ ಅಳುತ್ತಿದ್ದ ಕಾಕೂ ಸೆರಗಿನಿಂದ ಮೂಗೊರಸಿಕೊಂಡು ಎದ್ದರು.

"ಮೊದಲ ಅದನ್ನ ಬಿಚ್ರಿ. ಅದಿದ್ರ ಆಕಿ ಕುಂದ್ರತಾಳೇನ್ರಿ? ನೀವು ಹೊತ್ತಕೊಂಡು ಓಣಿ ದಾಟೂದ್ರಾಗ ಇಳದು ಬಂದು, ಎಲ್ಲಾರಿಗೂ ಚಹಾಕ್ಕ ಇಟ್ಟಿರ್ತಾಳ!"